ಕಬ್ಬಿಣದ ಹಾವು ಕಲಿಸುವ ಪಾಠ

"ಓದು ಹತ್ತದವನಿಗೆ ಕಸುಬು" ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಕೇಳಿಬರುತ್ತದೆ. ಇದು ಓದಿಗೂ ಕಸುಬಿಗೂ ಮಾಡುವ ಅನ್ಯಾಯವೆಂದು ನನ್ನ ಅಭಿಪ್ರಾಯ. ಜಪಾನಿನ ಒಂದು ಕಲೆಯೇ ಇದಕ್ಕೆ ಸಾಕ್ಷಿ.

ಆ ಕಲೆಯ ಹೆಸರು 'ಜಿಜಾಯ್ ಒಕಿಮೊನೊ'. ಜಿಜಾಯ್ ಎಂದರೆ ಇಚ್ಛೆ ಬಂದಂತೆ. ಒಕಿಮೊನೊ ಎಂದರೆ ಅಲಂಕಾರಕ್ಕಾಗಿ ಇಡುವ ವಸ್ತು. ಲೋಹದಲ್ಲಿ ಮಾಡಿದ ಹಾವು, ಏಡಿ, ಮೀನು, ಜೀರುಂಡೆಗಳು ಇವು. ಕೀಲಿ ಕೊಟ್ಟರೆ ಓಡುವ ಗೊಂಬೆಗಳಲ್ಲ. ಕೈಯಿಂದ ಹಾವನ್ನು ಸುರುಳಿ ಸುತ್ತಬಹುದು, ಏಡಿಯ ಕಾಲು ಮಡಿಸಬಹುದು, ಜೀರುಂಡೆಯ ರೆಕ್ಕೆ ಬಿಡಿಸಬಹುದು.

ಇವುಗಳನ್ನು ಮೊದಲು ಮಾಡಿದವರು ಯೋಧರಿಗೆ ಕವಚ ಮಾಡುತ್ತಿದ್ದ ಮ್ಯೋಚಿನ್ ಮನೆತನದವರು. 1615ರ ನಂತರ ಆ ದೇಶದಲ್ಲಿ ದೀರ್ಘಕಾಲ ಶಾಂತಿ ನೆಲೆಸಿತು. ಕವಚಕ್ಕೆ ಬೇಡಿಕೆ ಇಳಿಯಿತು. ತಗಡುಗಳನ್ನು ಮೈ ಬಾಗುವಂತೆ ಜೋಡಿಸುವ ಅದೇ ವಿದ್ಯೆಯನ್ನು ಅವರು ಪ್ರಾಣಿಗಳ ರೂಪಕ್ಕೆ ತಿರುಗಿಸಿದರು. ಮ್ಯೋಚಿನ್ ಮುನೆಅಕಿ 1713ರಲ್ಲಿ ಮಾಡಿದ ಕಬ್ಬಿಣದ ಡ್ರ್ಯಾಗನ್ ಟೋಕಿಯೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. 1876ರಲ್ಲಿ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿದಾಗ ಲೋಹದ ಕುಶಲಕರ್ಮಿಗಳಿಗೆ ಮತ್ತೊಂದು ಪೆಟ್ಟು ಬಿತ್ತು. ಆಗ ಇಂಥ ವಸ್ತುಗಳು ವಿದೇಶದ ಕೊಳ್ಳುವವರನ್ನು ಕಂಡುಕೊಂಡವು.

ವಿದ್ಯಾರ್ಥಿಮಿತ್ರರೇ, ಇಂಥ ಹಾವಿನ ಮೈಯಲ್ಲಿ ಬಳೆಯಂಥ ಅನೇಕ ತುಂಡುಗಳಿರುತ್ತವೆ. ಒಂದರ ಅಂಚು ಮತ್ತೊಂದರ ಮೇಲೆ ಕೂರಬೇಕು. ಬಿಗಿಯಾದರೆ ಬಾಗದು, ಸಡಿಲವಾದರೆ ಜೋತುಬೀಳುತ್ತದೆ. ಇದನ್ನು ಮಾಡುವವನಿಗೆ ಅಳತೆ ಗೊತ್ತಿರಬೇಕು, ಲೋಹದ ಗುಣ ಗೊತ್ತಿರಬೇಕು, ಏಡಿಯ ಕಾಲಿಗೆ ಎಷ್ಟು ಗಂಟುಗಳೆಂಬುದೂ ಗೊತ್ತಿರಬೇಕು. ಗಣಿತ, ವಿಜ್ಞಾನ, ಚಿತ್ರಕಲೆ ಮೂರೂ ಒಂದೇ ಸುತ್ತಿಗೆಯ ತುದಿಯಲ್ಲಿವೆ. ಇದು ಓದಲ್ಲವೆಂದು ಹೇಳುವವರಾರು?

ಪಾಲಕರು ಕೇಳಬಹುದು: ಪರೀಕ್ಷೆಯ ಅಂಕ, ನೌಕರಿ ಬಿಟ್ಟು ಮಕ್ಕಳು ತಿದಿ ಒತ್ತಬೇಕೆ? ಹಾಗೆ ನಾನು ಹೇಳುತ್ತಿಲ್ಲ. ಹೊಗಳಿಕೆಯಿಂದ ಹೊಟ್ಟೆ ತುಂಬುವುದಿಲ್ಲ. ಕಸುಬುದಾರನಿಗೆ ತಕ್ಕ ಕೂಲಿ ಸಿಗದಿದ್ದರೆ ಯಾವ ಕಲೆಯೂ ಉಳಿಯದು. ನಾನು ಕೇಳುವುದು ಎರಡೇ. ವಾರಕ್ಕೊಂದು ಪೀರಿಯಡ್ ಕೈಕೆಲಸಕ್ಕೆ ನಿಜವಾಗಿ ಮೀಸಲಿರಲಿ. ಅದನ್ನು ಬೇರೆ ಪಾಠಕ್ಕೆ ಕಸಿದುಕೊಳ್ಳುವುದು ಬೇಡ. ಕಮ್ಮಾರರ, ಬಡಗಿಗಳ, ಅಕ್ಕಸಾಲಿಗರ ಮಕ್ಕಳು ತಂದೆಯ ಕೆಲಸವನ್ನು ತರಗತಿಯಲ್ಲಿ ತಲೆಯೆತ್ತಿ ಹೇಳುವಂತಾಗಲಿ.

ಈ ರಜೆಯಲ್ಲಿ ದಪ್ಪ ರಟ್ಟು, ಸೂಜಿ, ದಾರ ತೆಗೆದುಕೊಂಡು ಕಾಲಾಡುವ ಒಂದು ಏಡಿಯನ್ನು ಮಾಡಿ ನೋಡಿರಿ. ಮೊದಲು ನಿಜವಾದ ಏಡಿಯನ್ನು ಚೆನ್ನಾಗಿ ನೋಡಬೇಕಾಗುತ್ತದೆ. ಕಲಿಕೆ ಶುರುವಾಗುವುದು ಅಲ್ಲಿಯೇ.