ಅಡಿಕೆ ಸಿಪ್ಪೆಗೆ ಬೇಕಿರೋದು ಬಾಟಲಿ ಅಲ್ಲ
ಕೊಯ್ಲು ಮುಗೀತು, ಸಿಪ್ಪೆ ಮತ್ತೆ ರಸ್ತೆ ಬದಿ ಹೊಗೆಯಾಡ್ತಿದೆ. ಮಳೆ ಬಂದ್ರೆ ನಮ್ಮ ತೋಟದ ಪೊಟ್ಯಾಷ್ ಚರಂಡಿಗೆ. ನಾವು ಸೊಸೈಟಿ ಮುಂದೆ ಚೀಲಕ್ಕೆ ಸಾಲು! ಕೇಳಿದ್ರೆ ‘ಅದು ಕರಗಲ್ಲ ಮಾರಾಯ್ರೆ’ ಅಂತಾರೆ. ಕೆಲವರು ಕೊಳೆಸೋ ದ್ರಾವಣ ತಂದು ಒಣ ರಾಶಿ ಮೇಲೆ ಚಿಮುಕಿಸ್ತಾರೆ. ಒಣ ಸಿಪ್ಪೇಲಿ ಯಾವ ಜೀವಾಣು ಬದುಕುತ್ತೆ ಹೇಳಿ? ಜೀವಾಣು ಕೊಟ್ಟಿಗೆ ಸಗಣಿಯಲ್ಲೇ ಕೋಟಿಗಟ್ಟಲೆ ಇವೆ. ಕೊರತೆ ಇರೋದು ನೀರು, ಗಾಳಿ, ಸಾರಜನಕದ್ದು. ಸಿಪ್ಪೇಲಿ ಬರೀ ಇಂಗಾಲ; ಅದನ್ನ 30ಕ್ಕೆ 1 ಸಾರಜನಕದ ಹತ್ತಿರ ತರಬೇಕು. ಎರಡು ದಿನ ನೆನೆಸಿ, ಸಗಣಿ ಬಗ್ಗಡ, ಗ್ಲಿರಿಸಿಡಿಯಾ ಸೊಪ್ಪು ಪದರ ಪದರವಾಗಿ ಹಾಕಿ ಎದೆಮಟ್ಟ ಒಟ್ಟಿ. ಹಿಡಿ ಹಿಂಡಿದ್ರೆ ಕೈ ಒದ್ದೆಯಾಗಬೇಕು, ನೀರು ಸುರೀಬಾರದು. ಒಳಗೆ ಕೈ ಇಡೋಕಾಗದಷ್ಟು ಬಿಸಿ ಏರುತ್ತೆ. ಅದು ಇಳಿದಾಗ ಮಗುಚಿ. ತಿಂಗಳುಗಟ್ಟಲೆ ಹಿಡಿಯುತ್ತೆ, ನಿಜ. ಬಾಟಲಿ ಮೇಲೆ ‘40 ದಿನ’ ಅಂತ ಬರೆದವರು ಅಡಿಕೆ ಸಿಪ್ಪೆ ಮುಟ್ಟಿ ನೋಡಿರಲಿಕ್ಕಿಲ್ಲ.