ಅನ್ಯದೇಶದ ಸೇವೆಗೆ ಹೊರಡುವ ಹೆಣ್ಣುಮಕ್ಕಳು

ನಮ್ಮ ಶಾಲೆಯಲ್ಲಿ ಓದಿ, ನರ್ಸುಗಳ ತರಬೇತಿಯನ್ನೋ ಉಪಾಧ್ಯಾಯಿನಿಯರ ತರಬೇತಿಯನ್ನೋ ಮುಗಿಸಿದ ಹೆಣ್ಣುಮಕ್ಕಳಲ್ಲಿ ಕೆಲವರು ಮಿಷನೆರಿಗಳಾಗಿ ಅನ್ಯದೇಶಕ್ಕೆ ಹೋಗಬೇಕೆಂಬ ಇಚ್ಛೆಯನ್ನು ನಮ್ಮ ಮುಂದೆ ಹೇಳಿಕೊಳ್ಳುತ್ತಿರುವರು. ಸಂಪಾದನೆಗಾಗಿ ಹೋಗುವವರ ಮಾತನ್ನು ನಾವು ಇಲ್ಲಿ ಎತ್ತುವುದಿಲ್ಲ. ಅದು ಗೌರವದ ಕೆಲಸವೇ ಸರಿ; 2001ನೆಯ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದ ಮೇಲೆ ಇಲ್ಲಿಯ ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು ದೂರ ಹೋದ ಮಕ್ಕಳ ದುಡಿಮೆಯಿಂದಲೇ. ನಾವು ಹೇಳಹೊರಟಿರುವುದು ಅಲ್ಪ ವೇತನಕ್ಕೆ, ಕೇವಲ ಸೇವೆಗೆಂದು ಹೊರಡುವವರ ವಿಷಯವನ್ನು. ಅಂಥವರ ತಂದೆತಾಯಿಗಳು ಬಂದು, "ಅಮ್ಮನವರೇ, ನೀವಾದರೂ ಅವಳಿಗೆ ಬುದ್ಧಿ ಹೇಳಿರಿ" ಎನ್ನುತ್ತಾರೆ. ಬುದ್ಧಿ ಹೇಳಬೇಕಾದದ್ದು ಮಗಳಿಗೋ ತಂದೆತಾಯಿಗಳಿಗೋ ಎಂಬುದನ್ನು ಮೊದಲು ವಿಚಾರಮಾಡಬೇಕು.

"ಮನೆಗೆ ಮಾರಿ, ಊರಿಗೆ ಉಪಕಾರಿ" ಎಂಬ ಗಾದೆಯನ್ನು ಅವರು ಎತ್ತಿ ಆಡುವುದುಂಟು. ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಮಾರಿಕುಪ್ಪದಿಂದಲೂ ಬಂಗಾರಪೇಟೆಯಿಂದಲೂ ನಸುಕಿನಲ್ಲೇ ರೈಲು ಹತ್ತಿ, ಬೆಂಗಳೂರಿನಲ್ಲಿ ದುಡಿದು, ಕತ್ತಲಾದ ಮೇಲೆ ಮನೆ ಸೇರುವ ತಂದೆತಾಯಿಗಳ ಮಕ್ಕಳು ನಮ್ಮ ತರಗತಿಗಳಲ್ಲಿ ಕೂತಿದ್ದಾರೆ. ಗಣಿಯ ಧೂಳಿನಿಂದ ಶ್ವಾಸಕೋಶ ಕೆಟ್ಟ ಅಜ್ಜಂದಿರನ್ನು ನೋಡಿಕೊಂಡು ಬೆಳೆದ ಹುಡುಗಿಯರೂ ಇದ್ದಾರೆ. ಸೇವೆಗೆ ಇಲ್ಲೇ ಅವಕಾಶವಿರುವಾಗ ಸಮುದ್ರವನ್ನು ಏಕೆ ದಾಟಬೇಕು? ಈ ಪ್ರಶ್ನೆ ನ್ಯಾಯವಾದದ್ದು. ಆದರೆ ಇದೇ ಪ್ರಶ್ನೆಯನ್ನು ಒಂದು ಕಾಲದಲ್ಲಿ ಬೇರೆ ದೇಶದ ತಂದೆತಾಯಿಗಳೂ ಕೇಳಿದ್ದಿರಬೇಕು; ಅವರ ಊರುಗಳಲ್ಲಿಯೂ ಬಡವರಿಗೆ ಕೊರತೆಯಿರಲಿಲ್ಲ. ಅವರ ಹೆಣ್ಣುಮಕ್ಕಳು ಬಂದದ್ದರಿಂದ ನಮ್ಮ ಸೀಮೆಗೆ ಏನಾಯಿತೆಂಬುದನ್ನು ನೆನೆಯೋಣ.

ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದು ಕರೆಯುತ್ತಿದ್ದ 1876-78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವು ಸುಮಾರು 10 ಲಕ್ಷ ಪ್ರಾಣಗಳನ್ನು ಕಳೆದುಕೊಂಡಿತು. ಆ ದಿನಗಳಲ್ಲಿ ಕೋಲಾರದಲ್ಲಿ ಅನಾಥ ಮಕ್ಕಳನ್ನು ಒಟ್ಟುಗೂಡಿಸಿ ಅನ್ನವಿಟ್ಟು ಸಾಕಿದವರು ಇಂಗ್ಲೆಂಡಿನಿಂದ ಬಂದಿದ್ದ ಮಿಸ್ ಆನ್‌ಸ್ಟೀ ಎಂಬವರು. 1890ರಲ್ಲಿ ಅವರು ಆ ಕೆಲಸವನ್ನೆಲ್ಲ ಅಮೆರಿಕದ ಮೆಥೋಡಿಸ್ಟ್ ಮಿಷನ್ನಿಗೆ ಒಪ್ಪಿಸಿದರು. ಆ ಮಿಷನ್ನಿನ ಕೋಲಾರದ ಆಸ್ಪತ್ರೆಯನ್ನು ನಮ್ಮ ವಾಚಕರಲ್ಲಿ ಬಹು ಮಂದಿ ಬಲ್ಲರು. ಅದಕ್ಕೆ ಹೆಸರಾದ ಎಲೆನ್ ಥೋಬರ್ನ್ ಕೋವೆನ್ ಎಂಬವರು ಲಕ್ನೋ ನಗರದಲ್ಲಿ 1870ರಲ್ಲಿ ಆರು ಮಂದಿ ಹುಡುಗಿಯರಿಂದ ಶಾಲೆಯನ್ನು ಆರಂಭಿಸಿದ ಇಸಬೆಲ್ಲಾ ಥೋಬರ್ನ್‌ರ ಸಹೋದರಿ. ಒಬ್ಬಾಕೆ ಹಡಗು ಹತ್ತಿದರು. ಇನ್ನೊಬ್ಬಾಕೆ ಅಮೆರಿಕದಲ್ಲಿ ನಿಂತು, ಸ್ತ್ರೀಯರ ಮಿಷನ್ ಸಂಘದ ಸಿನ್ಸಿನಾಟಿ ಶಾಖೆಯ ಕಾರ್ಯದರ್ಶಿಯಾಗಿ ದುಡಿದರು. ಹೋಗುವವಳ ಸೇವೆಗೆ ಮನೆಯಲ್ಲಿ ಉಳಿದವರ ಒಪ್ಪಿಗೆಯೂ ದುಡಿಮೆಯೂ ಎಷ್ಟು ಬೇಕೆಂಬುದನ್ನು ತಂದೆತಾಯಿಗಳು ಇದರಲ್ಲಿ ನೋಡಬಹುದು.

ಆದರೆ ಹೊರಡಬಯಸುವ ಹುಡುಗಿಯರಿಗೆ ನಾವು ಹೇಳಬೇಕಾದದ್ದು ಇನ್ನೂ ಹೆಚ್ಚಾಗಿದೆ. ಮಿಷನೆರಿಯ ಬಾಳೆಂದರೆ ವೇದಿಕೆಯ ಮೇಲಿನ ಭಾಷಣವೆಂದು ಅವರು ಎಣಿಸುತ್ತಾರೆ. ವಾಸ್ತವವಾಗಿ ಅದು ಬೆಳಗಿನಿಂದ ಸಂಜೆಯವರೆಗಿನ ಬಹು ಸಾಧಾರಣ ಕೆಲಸಗಳ ಸಾಲು. ಹಿಂದಿನ ಮಿಸ್ಸಮ್ಮನವರ ದಿನವು ಬಿಸಿಲೇರುವ ಮುಂಚೆಯೇ ಆರಂಭವಾಗುತ್ತಿತ್ತು. ಮುನ್ಷಿಯ ಎದುರು ಕುಳಿತು ಅಕ್ಷರ ತಿದ್ದುವುದು, ಬೋರ್ಡಿಂಗಿನ ಮಕ್ಕಳ ರಾಗಿಯ ಲೆಕ್ಕ ನೋಡುವುದು, ಕಜ್ಜಿಗೆ ಔಷಧ ಹಚ್ಚುವುದು, ನೀರನ್ನು ಕುದಿಸಿ ಆರಿಸಿಡುವುದು, ಹೊತ್ತು ಮುಳುಗಿದ ಮೇಲೆ ದೀಪದ ಬೆಳಕಿನಲ್ಲಿ ಊರಿಗೆ ಕಾಗದ ಬರೆಯುವುದು. ಚಳಿಗಾಲದಲ್ಲಿ ಎತ್ತಿನ ಗಾಡಿಯಲ್ಲಿ ಡೇರೆಯನ್ನು ಹೇರಿಕೊಂಡು ಹಳ್ಳಿಗಳ ಸಂಚಾರ. ಇದರಲ್ಲಿ ಅದ್ಭುತವಾದದ್ದು ಯಾವುದೂ ಇಲ್ಲ. ಬೇಸರವಂತೂ ಧಾರಾಳವಾಗಿತ್ತು.

ಆ ಅಕ್ಷರ ತಿದ್ದುವ ಕೆಲಸವೇ ಎಲ್ಲಕ್ಕೂ ಮೂಲವೆಂದು ನಮ್ಮ ದೃಢವಾದ ಅಭಿಪ್ರಾಯ. ಭಾಷೆಯ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕೆಂದು ಹಳೆಯ ಮಿಷನ್ನುಗಳು ಹೊಸಬರನ್ನು ಒತ್ತಾಯಪಡಿಸುತ್ತಿದ್ದದ್ದು ಸುಮ್ಮನಲ್ಲ. ವೆಸ್ಲಿಯನ್ ಮಿಷನ್ನಿನ ವಿಲಿಯಂ ಆರ್ಥರ್ 1839ರಲ್ಲಿ ಗುಬ್ಬಿಗೆ ಬಂದಾಗ ಅವರ ವಯಸ್ಸು 20. ದೇಹಸ್ಥಿತಿ ಕೆಟ್ಟು 1841ರಲ್ಲಿಯೇ ಅವರು ಹಿಂತಿರುಗಬೇಕಾಯಿತು. ಮೈಸೂರು ಸೀಮೆಯನ್ನು ಕುರಿತ ಅವರ ಪುಸ್ತಕವು 1847ರಲ್ಲಿ ಪ್ರಕಟವಾಯಿತಾದರೂ, ಗುಬ್ಬಿಯ ಜನರ ನಡುವೆ ಅವರಿಗೆ ದೊರೆತ ಕಾಲ ಅಷ್ಟೇ. ಬಾಸೆಲ್ ಮಿಷನ್ನಿನ ಫರ್ಡಿನಂಡ್ ಕಿಟ್ಟೆಲ್ಲರು 1853ರಲ್ಲಿ ಮಂಗಳೂರಿಗೆ ಬಂದಾಗ ಅವರಿಗೆ 21. ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದದ್ದು 1894ರಲ್ಲಿ. ನಡುವೆ 41 ವರ್ಷ! ಇಂದಿನ ನಮ್ಮ ಹುಡುಗಿಯರಿಗೆ 41 ದಿನವೂ ದೀರ್ಘವೆನಿಸುತ್ತದೆ.

ಹೀಗೆಂದರೂ, ಈ ವಿಷಯದಲ್ಲಿ ನಮ್ಮ ಸೀಮೆಯ ಹುಡುಗಿಯರಿಗಿರುವ ಅನುಕೂಲ ಬೇರೆಯವರಿಗೆ ಇರಲಾರದು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಗಣಿಗಳನ್ನು ಕೈಗೆ ತೆಗೆದುಕೊಂಡ ಮೇಲೆ ಉತ್ತರ ಆರ್ಕಾಟು, ಚಿತ್ತೂರು ಮುಂತಾದ ಸೀಮೆಗಳಿಂದ ಕುಟುಂಬಗಳು ಬಂದು ಲೈನುಗಳಲ್ಲಿ ನೆಲೆಸಿದವು. ಚಾಂಪಿಯನ್ ರೀಫಿನ ಲೈನಿನಲ್ಲಿ ಹುಟ್ಟಿದ ಹುಡುಗಿ ತಾಯಿಯೊಡನೆ ತಮಿಳು, ಬಂಗಾರಪೇಟೆಯ ಸಂತೆಯಲ್ಲಿ ತೆಲುಗು, ನಮ್ಮ ತರಗತಿಯಲ್ಲಿ ಕನ್ನಡ, ಪರೀಕ್ಷೆಗೆ ಇಂಗ್ಲಿಷು ಎಂದು ನಾಲ್ಕು ನಾಲಗೆಗಳಲ್ಲಿ ಬೆಳೆಯುತ್ತಾಳೆ. ಕನ್ನಡದ ಒತ್ತಕ್ಷರಗಳಿಗಾಗಿ ಆಕೆ ಅತ್ತದ್ದನ್ನು ನಾವು ಕಂಡಿದ್ದೇವೆ. ಪರಭಾಷೆಯ ಮುಂದೆ ತಲೆ ಬಾಗಿಸಿ ಕೂರುವುದು ಹೇಗೆಂದು ಆಕೆಗೆ ಯಾರೂ ಕಲಿಸಬೇಕಾಗಿಲ್ಲ. ಇಂಥವಳನ್ನು ಆಫ್ರಿಕದ ಯಾವುದಾದರೊಂದು ಹಳ್ಳಿಯ ಆಸ್ಪತ್ರೆಗೆ ಕಳುಹಿಸಿದರೆ ಒಂದು ವರ್ಷದೊಳಗೆ ಅಲ್ಲಿಯ ಅಜ್ಜಿಯರೊಡನೆ ಹರಟುತ್ತಾಳೆಂದು ನಾವು ಧೈರ್ಯವಾಗಿ ಹೇಳುವೆವು.

ಈಚೆಗೆ ಇನ್ನೊಂದು ಬಗೆಯ ಸೇವೆ ರೂಢಿಗೆ ಬಂದಿದೆ. ರಜೆಯ ಎರಡು ವಾರ ಬಂದು, ಗೋಡೆಗೆ ಬಣ್ಣ ಬಳಿದು, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಭಾವಚಿತ್ರ ತೆಗೆಸಿಕೊಂಡು ಹೋಗುವುದು. ಬರುವವರ ಮನಸ್ಸು ಒಳ್ಳೆಯದೇ. ನಾವು ಯಾರನ್ನೂ ನೋಯಿಸಲೊಲ್ಲೆವು. ಆದರೆ ಆ ಬಣ್ಣವನ್ನು ನಮ್ಮ ಊರಿನ ಬಣ್ಣದವನು ಇನ್ನೂ ನೇರವಾಗಿ ಬಳಿಯುತ್ತಿದ್ದನು, ಅವನಿಗೆ ಕೂಲಿಯೂ ಸಿಗುತ್ತಿತ್ತು. ಎರಡು ವಾರದಲ್ಲಿ ಮಗುವಿಗೆ ಅಭ್ಯಾಸವಾಗುವುದು ಪ್ರೀತಿಯಲ್ಲ, ಬಿಟ್ಟುಹೋಗುವವರ ಮುಖ. ನಮ್ಮ ಹುಡುಗಿಯರು ಈ ರೀತಿಯ ಪ್ರಯಾಣವನ್ನು ಸೇವೆಯೆಂದು ಕರೆಯುವುದು ನಮಗೆ ಸಮ್ಮತವಲ್ಲ. ಹೋಗುವುದಾದರೆ ವರ್ಷಗಳಿಗಾಗಿ ಹೋಗಲಿ. ಇಲ್ಲವಾದರೆ ಪ್ರವಾಸವೆಂದು ಹೇಳಿ ಸಂತೋಷವಾಗಿ ಹೋಗಿ ಬರಲಿ.

ಹಳಬರದೆಲ್ಲವೂ ಅನುಕರಣೀಯವೆಂದು ಯಾರೂ ತಿಳಿಯಬಾರದು. ಬರಗಾಲದಲ್ಲಿ ಅನ್ನವಿಟ್ಟವರೇ ಮಕ್ಕಳ ಮತವನ್ನೂ ನಿರ್ಣಯಿಸಿದರೆಂಬ ಆಕ್ಷೇಪಣೆ ಅಂದಿನಿಂದಲೂ ಇದೆ, ಅದು ತಳ್ಳಿಹಾಕುವಂಥದಲ್ಲ. ಹಸಿದ ಮಗುವಿಗೆ ಆಯ್ಕೆಯೆಂಬುದು ಎಲ್ಲಿಯದು? ಇದಲ್ಲದೆ, ಹಳ್ಳಿಯಿಂದ ಹಳ್ಳಿಗೆ ಮಿಸ್ಸಮ್ಮನವರ ಮುಂದೆ ನಡೆದು, ಬಾಗಿಲು ತೆರೆಯಿಸಿ, ಅವರ ಅರ್ಧಂಬರ್ಧ ಕನ್ನಡವನ್ನು ತಿದ್ದಿ ಹೆಂಗಸರಿಗೆ ತಿಳಿಸಿದ ಬೈಬಲ್ ಸ್ತ್ರೀಯರ ಹೆಸರನ್ನು ಕಟ್ಟಡದ ಕಲ್ಲುಗಳಲ್ಲಿ ಹುಡುಕಿದರೆ ಸಿಗುವುದು ಅಪರೂಪ. ಆಯಾ, ಅಡುಗೆಯವ, ಗಾಡಿಯವ ಇವರದಂತೂ ಇಲ್ಲವೇ ಇಲ್ಲ. ನಮ್ಮ ಮಕ್ಕಳು ಪರದೇಶದಲ್ಲಿ ತಮಗೆ ಬಾಗಿಲು ತೆರೆದವರ ಹೆಸರುಗಳನ್ನು ಮೊದಲನೆಯ ಕಾಗದದಲ್ಲಿಯೇ ಬರೆದು ಕಳುಹಿಸಬೇಕೆಂದು ನಮ್ಮ ಅಪೇಕ್ಷೆ.

ಇನ್ನು ತಂದೆತಾಯಿಗಳಿಗೆ ಎರಡು ಮಾತು. ಮದುವೆಯ ವಯಸ್ಸು ಮೀರುವುದೆಂಬ ಭಯವನ್ನು ನಾವು ಅಲ್ಲಗಳೆಯುವುದಿಲ್ಲ. ಅದನ್ನು ಮಗಳೊಡನೆ ಕುಳಿತು ಬಿಚ್ಚಿ ಮಾತಾಡಬೇಕು, ನಮ್ಮ ಮೂಲಕ ಹೇಳಿಕಳುಹಿಸಬಾರದು. ಎರಡನೆಯದು ಟೆಲಿಫೋನಿನ ವಿಷಯ. ಆರ್ಥರರ ಕಾಲದಲ್ಲಿ ಸೂಯೆಜ್ ಕಾಲುವೆ ಇರಲಿಲ್ಲ, ಅದು ತೆರೆದದ್ದು 1869ರಲ್ಲಿ. ಹಡಗು ಆಫ್ರಿಕವನ್ನು ಸುತ್ತಿಕೊಂಡು ಬರಲು ತಿಂಗಳುಗಳೇ ಹಿಡಿಯುತ್ತಿದ್ದವು. ಈಗ ಮಗಳು ದಿನವೂ ಸಂಜೆ ಪರದೆಯ ಮೇಲೆ ಮುಖ ತೋರಿಸುತ್ತಾಳೆ, ಏನು ಸಾರು ಮಾಡಿದೆಯೆಂದು ತಾಯಿ ಕೇಳುತ್ತಾಳೆ. ಸಂತೋಷವೇ. ಆದರೆ ಪ್ರತಿ ಸಂಜೆಯೂ ಆಂಡರ್ಸನ್‌ಪೇಟೆಯ ಮನೆಯಲ್ಲಿಯೇ ಇರುವವಳು ನೆರೆಮನೆಯವರ ಭಾಷೆಯನ್ನು ಯಾವ ಹೊತ್ತಿನಲ್ಲಿ ಕಲಿಯಬೇಕು? ಮೊದಲನೆಯ ವರ್ಷ ವಾರಕ್ಕೊಮ್ಮೆ ಮಾತಾಡಿದರೆ ಸಾಕು. ತಾಯಂದಿರು ನಮ್ಮ ಮೇಲೆ ಸಿಟ್ಟಾಗುವರೆಂದು ಬಲ್ಲೆವು.

ಪ್ರಶಂಸಾಪತ್ರ ಕೇಳಲು ಬರುವ ಹಳೆಯ ವಿದ್ಯಾರ್ಥಿನಿಯರಿಗೆ ನಾವು ಈ ನಿಯಮವನ್ನು ಇಟ್ಟುಕೊಂಡಿದ್ದೇವೆ. ಕೈಯಲ್ಲಿ ಒಂದು ಕಸಬಿನ ತರಬೇತಿ ಇರಬೇಕು. ಈ ಸೀಮೆಯಲ್ಲಿಯೇ ಎರಡು ವರ್ಷ ಸಂಬಳಕ್ಕೆ ದುಡಿದಿರಬೇಕು. ಹೋಗುವ ದೇಶದ ಭಾಷೆಯಲ್ಲಿ ನೀರು, ಅನ್ನ, ನೋವು ಎಂಬಿಷ್ಟನ್ನಾದರೂ ಕೇಳಲೂ ಹೇಳಲೂ ಕಲಿತಿರಬೇಕು. ಶನಿವಾರಗಳಂದು ಮಧ್ಯಾಹ್ನದ ಮೇಲೆ ನಾವು ಆಫೀಸಿನಲ್ಲಿರುತ್ತೇವೆ. ತಂದೆತಾಯಿಗಳನ್ನೂ ಜೊತೆಗೆ ಕರೆದುಕೊಂಡು ಬರುವುದು.