ದಣಿವರಿಯದ ತಾಯಿ ಎನ್ನುವ ಮುನ್ನ

ಪತ್ರಿಕೆಯ ಪುಣ್ಯಸ್ಮರಣೆಗಳಲ್ಲಿ, ಶ್ರದ್ಧಾಂಜಲಿಯ ಮಾತುಗಳಲ್ಲಿ ತಾಯಿಯ ಬಗ್ಗೆ ತಪ್ಪದೆ ಬರುವ ಹೊಗಳಿಕೆಯೊಂದಿದೆ: ಒಂದು ದಿನವೂ ದಣಿವು ಎನ್ನಲಿಲ್ಲ, ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಂಡಳು. ದುಃಖದಲ್ಲಿ ಆಡಿದ ಮಾತಿಗೆ ತಕರಾರು ತೆಗೆಯಬಾರದು ಎನ್ನುವವರನ್ನು ಗೌರವಿಸುತ್ತೇನೆ. ಆದರೂ ಈ ಮಾತಿನಲ್ಲಿ ನನಗೆ ತಾಯಿಯ ಗುಣಕ್ಕಿಂತ ಮನೆಯವರ ನಡತೆಯೇ ಹೆಚ್ಚು ಕಾಣುತ್ತದೆ. ಎಲ್ಲರೂ ಉಂಡೆದ್ದ ಮೇಲೆ ಬುಟ್ಟಿಯಲ್ಲಿ ಎಷ್ಟು ರೊಟ್ಟಿ ಉಳಿದವು ಎಂದು ಯಾರೂ ನೋಡದ ಮನೆಯಲ್ಲಷ್ಟೇ ಇಂಥ ತ್ಯಾಗ ವರ್ಷಗಟ್ಟಲೆ ನಡೆದೀತು.

ತಾಯಿಗೆ ದುಡಿಮೆ ಭಾರವಲ್ಲ, ಅದು ಪ್ರೀತಿ ಎಂಬ ವಾದವಿದೆ. ಪ್ರೀತಿ ಇತ್ತು, ನಿಜ. ಪ್ರೀತಿಸುವವರ ಸೊಂಟವೂ ನೋಯುತ್ತದೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ದುಡಿದರೆ ಗಂಡಸರು 88 ನಿಮಿಷ. ರಸ್ತೆ ಅಪಘಾತದ ಪರಿಹಾರದ ಪ್ರಕರಣವೊಂದರಲ್ಲಿ 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಗೃಹಿಣಿಯ ಕೆಲಸಕ್ಕೂ ಆದಾಯ ಲೆಕ್ಕ ಹಿಡಿಯಬೇಕು ಎಂದಿತು. ಸತ್ತ ಮೇಲೆ ಕೋರ್ಟು ಹಾಕುವ ಈ ಲೆಕ್ಕವನ್ನು ಬದುಕಿದ್ದಾಗ ಮನೆ ಹಾಕುವುದಿಲ್ಲ.

ನನ್ನ ಅವ್ವನ ವಿಷಯ ಬಂದಾಗಲೂ ಬಂಧುಗಳು ಅವಳ ಕಷ್ಟದ ಕಥೆಯನ್ನೇ ಹೇಳುತ್ತಾರೆ. ಅವಳ ತಿಳಿವಳಿಕೆಯ ಸುದ್ದಿ ಯಾರೂ ಎತ್ತುವುದಿಲ್ಲ. ಜೋಳದ ಕೊಯ್ಲಿಗೆ ಮುಂಚೆಯೇ ಹೊಲದಲ್ಲಿ ಅಡ್ಡಾಡಿ ಬೀಜಕ್ಕೆಂದು ತುಂಬು ತೆನೆಗಳನ್ನು ಅವಳೇ ಗುರುತು ಮಾಡುತ್ತಿದ್ದಳು. ಕಾಳು ಒಣಗಿತೋ ಇಲ್ಲವೋ ಎಂಬುದನ್ನು ಹಲ್ಲಿನಲ್ಲಿ ಕಡಿದು, ಕಟ್ ಎಂಬ ಸದ್ದಿನಿಂದ ಹೇಳುತ್ತಿದ್ದಳು. ಆಮೇಲೆ ಬೂದಿ, ಬೇವಿನ ಎಲೆ ಬೆರೆಸಿ ಗಡಿಗೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತುವುದು. ಬಿತ್ತನೆ ಹೊತ್ತಿಗೆ ಓಣಿಯವರು ಬೀಜ ಕೇಳಿಕೊಂಡು ನಮ್ಮ ಮನೆಗೇ ಬರುತ್ತಿದ್ದರು. ಪಹಣಿಯಲ್ಲಿ ಅಪ್ಪನ ಹೆಸರಿತ್ತು. ಹಾಗಾಗಿ ಸರ್ಕಾರದ ಕಡತಕ್ಕೆ ರೈತ ಅಪ್ಪನೊಬ್ಬನೇ.

ಅವ್ವನಿಗೆ ಶ್ರೀಕೃಷ್ಣ ಪಾರಿಜಾತ ಬಯಲಾಟವೆಂದರೆ ಪ್ರಾಣ. ರೊಟ್ಟಿ ಬಡಿಯುವಾಗ ಸತ್ಯಭಾಮೆಯ ಹಾಡು ತಾನಾಗಿ ಬಾಯಿಗೆ ಬರುತ್ತಿತ್ತು. ಇಡೀ ರಾತ್ರಿಯ ಆ ಆಟವನ್ನು ಅವಳು ಬೆಳಗಿನವರೆಗೆ ಕೂತು ನೋಡಿದ್ದು ನನಗೆ ನೆನಪಿಲ್ಲ. ಕೋಳಿ ಕೂಗುವ ಹೊತ್ತಿಗೆ ಎಮ್ಮೆ ಹಿಂಡಬೇಕಿತ್ತು. ಒಂದು ದಿನ ಬೇರೆ ಯಾರಾದರೂ ಹಿಂಡಬಹುದಿತ್ತಲ್ಲ ಎಂದರೆ ಈಗಲೂ ನಮ್ಮ ಮನೆಯಲ್ಲಿ ಮಾತು ನಿಂತುಬಿಡುತ್ತದೆ. ಅವಳ ದುಡಿಮೆಯನ್ನು ಕೊಂಡಾಡುವಾಗ ಈ ಪ್ರಶ್ನೆ ಸುಲಭವಾಗಿ ತಪ್ಪಿಹೋಗುತ್ತದೆ.

ಲಂಕೇಶರ 'ಅವ್ವ' ಕವಿತೆ ಇಂದಿಗೂ ತಟ್ಟುವುದು ಅದು ಬರೀ ಕೊಂಡಾಟಕ್ಕೆ ನಿಲ್ಲದ ಕಾರಣಕ್ಕೇ ಎಂದು ನನ್ನ ನಂಬಿಕೆ. ಅದು ತಾಯಿಯನ್ನು ಸಾವಿತ್ರಿ, ಜಾನಕಿಯರ ಸಾಲಿಗೆ ಸೇರಿಸಲು ಒಪ್ಪುವುದಿಲ್ಲ. ಆಕೆಯ ಬೈಗುಳ, ಕೊಂಕು, ಗುದ್ದಾಟಗಳನ್ನೂ ಮುಚ್ಚಿಡುವುದಿಲ್ಲ. ಪೂಜೆಗೆ ಕೂರಿಸಿದ ತಾಯಿಗೆ ಸಿಟ್ಟು ಮಾಡಿಕೊಳ್ಳುವ ಹಕ್ಕೂ ಇರದು.

ತಾಯಿಯ ಬಗ್ಗೆ ನಾಲ್ಕು ಸಾಲು ಬರೆಯಲು ಕೂತವರಲ್ಲಿ ನನ್ನದೊಂದು ವಿನಂತಿ. ಆಕೆ ಏನು ಬಲ್ಲವಳಾಗಿದ್ದಳು, ಯಾವುದನ್ನು ಆಸೆಪಟ್ಟಳು, ಯಾವುದಕ್ಕೆ ಜಗಳ ತೆಗೆಯುತ್ತಿದ್ದಳು ಎಂದು ಬರೆಯಿರಿ. ದಣಿವರಿಯದವಳು ಎಂದು ಮಾತ್ರ ಬರೆಯಬೇಡಿ. ಮನೆಯ ಸೊಸೆ, ಮಗಳು ಅದನ್ನು ಓದುತ್ತಾರೆ. ನಾಳೆ ಅವರು ದಣಿವಾಯಿತು ಎಂದಾಗ ಅದೇ ಸಾಲನ್ನು ಅವರ ಮುಂದೆ ಹಿಡಿಯುವವರು ನಮ್ಮಲ್ಲಿ ಕಡಿಮೆಯಿಲ್ಲ.